ಇತಿಹಾಸದಲ್ಲಿ ಈ ದಿನ: ನವೆಂಬರ್ 1ರ ಹಲಗೆಯನ್ನು ತಪ್ಪಿಲ್ಲದೆ ಬರೆಯುವುದು ಹೇಗೆ?

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ನನ್ನ ಮೊಬೈಲಿಗೆ ಶಾಲೆಗಳ ಕರಿಹಲಗೆಯ ಚಿತ್ರಗಳು ಬರತೊಡಗುತ್ತವೆ. ರಾಜ್ಯೋತ್ಸವದ ಬೆಳಿಗ್ಗೆ ಮಕ್ಕಳು ಗಟ್ಟಿಯಾಗಿ ಓದಬೇಕಾದ ‘ಇತಿಹಾಸದಲ್ಲಿ ಈ ದಿನ’ ಪಟ್ಟಿ ಅದು. ಒಮ್ಮೆ ನೋಡಿ ತಿದ್ದಿಕೊಡಿ ಎಂದು ಶಿಕ್ಷಕರು ಕೇಳುತ್ತಾರೆ. ಊರು ಬೇರೆ, ಕೈಬರಹ ಬೇರೆ, ತಪ್ಪುಗಳು ಮಾತ್ರ ವರ್ಷವರ್ಷವೂ ಅವೇ. 1956ರಲ್ಲಿ ‘ಕರ್ನಾಟಕ ಎಂಬ ಹೆಸರು ಬಂತು’, ಅದೇ ದಿನ ‘ಬಳ್ಳಾರಿ ನಮ್ಮ ರಾಜ್ಯಕ್ಕೆ ಸೇರಿತು’, 1858ರಲ್ಲಿ ‘ಈಸ್ಟ್ ಇಂಡಿಯಾ ಕಂಪನಿ ಮುಚ್ಚಿತು’. ಮೂರೂ ತಪ್ಪು. ಬರೆದವರು ಶ್ರಮಪಟ್ಟಿಲ್ಲ ಎಂದಲ್ಲ, ಗಂಟೆಗಟ್ಟಲೆ ಹುಡುಕಿರುತ್ತಾರೆ. ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ. ಮೊದಲು ದಿನಾಂಕ ಹಿಡಿದು, ಆಮೇಲೆ ಅದಕ್ಕೆ ಘಟನೆಯನ್ನು ಅಂಟಿಸುತ್ತಾರೆ.

ಸರಿಯಾದ ಕ್ರಮವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಉದಾಹರಣೆಗೆ ನವೆಂಬರ್ 1ನ್ನೇ ಇಟ್ಟುಕೊಂಡಿದ್ದೇನೆ, ಏಕೆಂದರೆ ದಿನಾಂಕಗಳಲ್ಲಿ ಆಗಬಹುದಾದ ಬಹುಪಾಲು ಎಡವಟ್ಟುಗಳು ಆ ಒಂದೇ ದಿನದಲ್ಲಿ ಸಿಗುತ್ತವೆ.

## ಬೇಕಾದ ಸಾಮಗ್ರಿ

ಅಂಚೆ ಕಾರ್ಡಿನ ಅಳತೆಗೆ ಕತ್ತರಿಸಿದ ದಪ್ಪ ಕಾಗದದ ಇಪ್ಪತ್ತು ಚೀಟಿಗಳು, ಅವನ್ನಿಡಲು ಒಂದು ಡಬ್ಬಿ, ಪೆನ್ಸಿಲ್, ಹಳೆಯ ವರ್ಷಗಳನ್ನೂ ತೋರಿಸುವ ಮೊಬೈಲಿನ ಕ್ಯಾಲೆಂಡರ್. ಆಧಾರಗಳಿಗೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು, ನಿಮ್ಮ ಜಿಲ್ಲೆಯ ಗೆಜೆಟಿಯರ್, ಕೇಂದ್ರದ ಕಾಯ್ದೆಗಳ ಮೂಲಪಾಠ ಸಿಗುವ ಇಂಡಿಯಾ ಕೋಡ್ ಜಾಲತಾಣ. ಹತ್ತಿರದ ಗ್ರಂಥಾಲಯದಲ್ಲಿ ಹಳೆಯ ದಿನಪತ್ರಿಕೆಗಳ ಕಟ್ಟು ಇದ್ದರೆ ಅದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಒಂದು ಘಟನೆಗೆ ಒಂದು ಚೀಟಿ. ಪ್ರತಿ ಚೀಟಿಯಲ್ಲೂ ಆರು ಸಾಲು ಖಾಲಿ ಬಿಡಿ: ಏನಾಯಿತು, ಎಲ್ಲಿ, ಯಾವ ಪಂಚಾಂಗ ಮತ್ತು ಗಡಿಯಾರ, ಯಾವ ವಾರ, ಎರಡು ಆಧಾರ, ಎಷ್ಟನೆಯ ವರ್ಷ. ನೋಟ್‌ಬುಕ್ಕಿಗಿಂತ ಚೀಟಿ ಒಳ್ಳೆಯದು. ತಪ್ಪಾದ ಘಟನೆಯನ್ನು ಹೊರಗೆ ತೆಗೆದಿಡಬಹುದು, ಸರಿಯಾದುದನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬಹುದು.

## ಹಂತ 1: ಕಚ್ಚಾ ಪಟ್ಟಿ

ಹತ್ತು ದಿನ ಮುಂಚೆ ಆರಂಭಿಸಿ. ಎಲ್ಲಿಂದ ಬೇಕಾದರೂ ಸಂಗ್ರಹಿಸಿ: ವಿಕಿಪೀಡಿಯ, ಪತ್ರಿಕೆಯ ಅಂಕಣ, ವಾಟ್ಸ್ಆ್ಯಪ್ ಸಂದೇಶ. ಈ ಹಂತದಲ್ಲಿ ಯಾವುದನ್ನೂ ನಂಬಬೇಡಿ, ಯಾವುದನ್ನೂ ಬಿಡಬೇಡಿ. ಹದಿನೈದು ಇಪ್ಪತ್ತು ಘಟನೆಗಳಾದರೆ ಸಾಕು. ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯಿರಿ.

## ಹಂತ 2: ಕ್ರಿಯಾಪದವನ್ನು ಗಟ್ಟಿ ಮಾಡಿ

ಮುಕ್ಕಾಲು ತಪ್ಪುಗಳು ನಿಲ್ಲುವುದು ಈ ಹಂತದಲ್ಲೇ. ಆದ್ದರಿಂದ ಇಲ್ಲಿ ಎಷ್ಟು ಹೊತ್ತಾದರೂ ಸರಿ.

ಒಂದು ದೊಡ್ಡ ಘಟನೆಗೆ ಒಂದೇ ದಿನಾಂಕ ಇರುವುದಿಲ್ಲ. ಕಾಯ್ದೆ ಮಂಡನೆಯಾದ ದಿನ ಬೇರೆ, ಅಂಗೀಕಾರವಾದ ದಿನ ಬೇರೆ, ಅಂಕಿತ ಬಿದ್ದ ದಿನ ಬೇರೆ, ಜಾರಿಗೆ ಬಂದ ದಿನ ಬೇರೆ. ನಮ್ಮ ಸಂವಿಧಾನವನ್ನೇ ನೋಡಿ. ಸಂವಿಧಾನ ಸಭೆ ಅದನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು, ಅದು ಪೂರ್ಣವಾಗಿ ಜಾರಿಗೆ ಬಂದದ್ದು 1950ರ ಜನವರಿ 26ರಂದು. ‘ಸಂವಿಧಾನ ಬಂತು’ ಎಂದು ಬರೆದರೆ ಎರಡರಲ್ಲಿ ಯಾವ ದಿನವೆಂದು ಯಾರಿಗೂ ತಿಳಿಯುವುದಿಲ್ಲ.

ಚೀಟಿಯ ಮೊದಲ ಸಾಲಿನಲ್ಲಿ ‘ಬಂತು’, ‘ಆಯಿತು’, ‘ನಡೆಯಿತು’ ಎಂಬ ಮಾತುಗಳನ್ನು ಬಳಸಬೇಡಿ. ‘ಜಾರಿಗೆ ಬಂತು’, ‘ಸಹಿ ಬಿತ್ತು’, ‘ಓದಲಾಯಿತು’, ‘ಹಸ್ತಾಂತರವಾಯಿತು’ ಎಂದು ಬಿಡಿಸಿ ಬರೆಯಿರಿ. ಅಂಥ ಖಚಿತ ಕ್ರಿಯಾಪದ ಸಿಗದಿದ್ದರೆ ಆ ಘಟನೆ ನಿಮಗೆ ಇನ್ನೂ ಅರ್ಥವಾಗಿಲ್ಲ, ಚೀಟಿ ಪಕ್ಕಕ್ಕಿಡಿ.

ನವೆಂಬರ್ 1ಕ್ಕೆ ಇದನ್ನು ಹಚ್ಚಿ ನೋಡೋಣ.

1858ರ ಚೀಟಿ. ಆ ದಿನ ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿದ. ಕಂಪನಿಯ ಕೈಯಿಂದ ಆಡಳಿತವನ್ನು ರಾಣಿಗೆ ವಹಿಸಿದ ಕಾಯ್ದೆಗೆ ಅಂಕಿತ ಬಿದ್ದದ್ದು ಅದೇ ವರ್ಷದ ಆಗಸ್ಟ್ 2ರಂದು. ಕಂಪನಿ ಎಂಬ ಸಂಸ್ಥೆ ಕಾನೂನಿನ ಪ್ರಕಾರ ವಿಸರ್ಜನೆಯಾದದ್ದು 1874ರ ಜೂನ್ 1ರಂದು. ಮೂರು ಕ್ರಿಯಾಪದ, ಮೂರು ದಿನ. ನವೆಂಬರ್ 1ಕ್ಕೆ ಹೊಂದುವುದು ‘ಘೋಷಣೆಯನ್ನು ಓದಲಾಯಿತು’ ಎಂಬುದೊಂದೇ.

1954ರ ಚೀಟಿ. ಪುದುಚೇರಿ, ಕಾರೈಕಲ್, ಮಾಹೆ, ಯಾನಂ ಈ ನಾಲ್ಕು ಫ್ರೆಂಚ್ ವಸಾಹತುಗಳ ಆಡಳಿತ ನವೆಂಬರ್ 1ರಂದು ಭಾರತದ ಕೈಗೆ ಬಂತು. ಕಾನೂನಿನ ಪ್ರಕಾರ ಅವು ಭಾರತಕ್ಕೆ ಸೇರಿದ್ದು 1962ರ ಆಗಸ್ಟ್ 16ರಂದು. ಆದ್ದರಿಂದ ‘ಆಡಳಿತ ಹಸ್ತಾಂತರವಾಯಿತು’ ಎಂದು ಬರೆಯಬೇಕು. ಹಲವರು ‘ಐದು ವಸಾಹತು’ ಎನ್ನುತ್ತಾರೆ. ಐದನೆಯದಾದ ಚಂದ್ರನಗರದ ಆಡಳಿತ 1950ರಲ್ಲೇ ಬಂದಿತ್ತು.

1956ರ ಚೀಟಿ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ದಿನಾಂಕ ಆಗಸ್ಟ್ 31, ಜಾರಿ ನವೆಂಬರ್ 1. ವಿಶಾಲ ಮೈಸೂರು ರಾಜ್ಯ, ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶ ಈ ಸ್ವರೂಪದಲ್ಲಿ ‘ಅಸ್ತಿತ್ವಕ್ಕೆ ಬಂದವು’. ಇಲ್ಲಿ ಆಂಧ್ರ ರಾಜ್ಯ ಮತ್ತು ಆಂಧ್ರಪ್ರದೇಶವನ್ನು ಬೆರೆಸಬೇಡಿ. ಕರ್ನೂಲನ್ನು ರಾಜಧಾನಿಯಾಗಿ ಹೊಂದಿದ ಆಂಧ್ರ ರಾಜ್ಯ ರಚನೆಯಾದದ್ದು 1953ರ ಅಕ್ಟೋಬರ್ 1ರಂದು. ಹೈದರಾಬಾದ್ ರಾಜ್ಯದ ತೆಲುಗು ಜಿಲ್ಲೆಗಳು ಕೂಡಿಕೊಂಡು ಆಂಧ್ರಪ್ರದೇಶವಾದದ್ದು 1956ರಲ್ಲಿ.

1993ರಲ್ಲಿ ಇದೇ ದಿನ ಯುರೋಪಿಯನ್ ಒಕ್ಕೂಟವನ್ನು ಸ್ಥಾಪಿಸಿದ ಮಾಸ್ಟ್ರಿಕ್ಟ್ ಒಪ್ಪಂದ ಜಾರಿಗೆ ಬಂತು. ಸಹಿ ಬಿದ್ದದ್ದು 1992ರ ಫೆಬ್ರವರಿ 7ರಂದು. ಲೆಕ್ಕ ಅದೇ.

## ಹಂತ 3: ಅಂದಿನ ಹೆಸರು, ಅಂದಿನ ಗಡಿ

ಒಂದು ಶಾಲೆಯ ಹಲಗೆಯಲ್ಲಿ ‘1956: ಕರ್ನಾಟಕ ಎಂಬ ಹೆಸರು ಬಂತು’ ಎಂದಿತ್ತು. ಎರಡು ಸಾಲು ಕೆಳಗೆ ‘1973: ಕರ್ನಾಟಕ ಎಂದು ನಾಮಕರಣ’ ಎಂದೂ ಇತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಎರಡನ್ನೂ ಓದಿ, ‘ಸರ್, ಹೆಸರು ಎರಡು ಸಲ ಇಟ್ಟರಾ?’ ಎಂದು ಕೇಳಿದಳಂತೆ. ಆ ಪ್ರಶ್ನೆಯನ್ನು ಹಲಗೆ ಬರೆಯುವ ಮೊದಲೇ ನಾವು ಕೇಳಿಕೊಳ್ಳಬೇಕಿತ್ತು.

1956ರಲ್ಲಿ ಒಂದಾದದ್ದು ಪ್ರದೇಶ. ಹೆಸರು ಮೈಸೂರು ರಾಜ್ಯ ಎಂದೇ ಉಳಿಯಿತು. ಎಸ್. ನಿಜಲಿಂಗಪ್ಪ ಆ ರಾಜ್ಯದ ಮೊದಲ ಮುಖ್ಯಮಂತ್ರಿ. ಹೆಸರು ಕರ್ನಾಟಕ ಎಂದು ಬದಲಾದದ್ದು 1973ರ ನವೆಂಬರ್ 1ರಂದು, ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ಎರಡೂ ಒಂದೇ ತಾರೀಖಿಗೆ ಬಂದಿರುವುದರಿಂದಲೇ ಗೊಂದಲ.

ಇನ್ನು ಗಡಿ. ‘ಕನ್ನಡ ಮಾತನಾಡುವ ಎಲ್ಲ ಪ್ರದೇಶಗಳೂ ಒಂದಾದವು’ ಎಂಬ ಸಾಲು ಕೇಳಲು ಚೆನ್ನ, ಬರೆಯಲು ಸಲ್ಲದು. ಕಾಯ್ದೆಯ ಪಾಠವನ್ನು ತೆರೆದು ಒಮ್ಮೆ ಓದಿ. ಹಳೆಯ ಮೈಸೂರು ರಾಜ್ಯ, ಮುಂಬಯಿ ರಾಜ್ಯದಿಂದ ಬಿಜಾಪುರ, ಧಾರವಾಡ, ಉತ್ತರ ಕನ್ನಡ ಮತ್ತು ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ, ಹೈದರಾಬಾದ್ ರಾಜ್ಯದಿಂದ ಗುಲ್ಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳ ಬಹುಭಾಗ, ಮದ್ರಾಸ್ ರಾಜ್ಯದಿಂದ ಕೊಳ್ಳೇಗಾಲ ತಾಲ್ಲೂಕು ಮತ್ತು ಕಾಸರಗೋಡನ್ನು ಬಿಟ್ಟು ಉಳಿದ ದಕ್ಷಿಣ ಕನ್ನಡ, ಜೊತೆಗೆ ಕೊಡಗು. ‘ಬಿಟ್ಟು’ ಎಂಬ ಆ ಸಣ್ಣ ಪದದೊಳಗೆ ಕಾಸರಗೋಡಿನ ಕನ್ನಡಿಗರ ನೋವು ಇದೆ. ಅದನ್ನು ಅಳಿಸಿ ಬರೆದ ಸಾಲು ಸುಳ್ಳಾಗುತ್ತದೆ.

ಬಳ್ಳಾರಿ ಈ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ ಎಂಬುದನ್ನು ಗಮನಿಸಿ. ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದೇ ಮೈಸೂರಿಗೆ ಸೇರಿದ್ದವು. ಆಂಧ್ರ ರಾಜ್ಯ ಹುಟ್ಟಿದ ದಿನವದು.

ಕಾಯ್ದೆಯ ಅದೇ ಪಾಠದಲ್ಲಿ ಯಾರೂ ಬರೆಯದ ಒಂದು ಸಂಗತಿ ಸಿಗುತ್ತದೆ. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮಿನಿದಿವಿ ದ್ವೀಪಗಳು 1956ರ ನವೆಂಬರ್ 1ರಂದು ಜಿಲ್ಲೆಯಿಂದ ಬೇರ್ಪಟ್ಟು, ಲಕ್ಕದೀವ್ ಮತ್ತು ಮಿನಿಕಾಯ್ ಜೊತೆಗೂಡಿ ಕೇಂದ್ರಾಡಳಿತ ಪ್ರದೇಶವಾದವು. ಹದಿನೇಳು ವರ್ಷಗಳ ನಂತರ, ಮೈಸೂರು ಕರ್ನಾಟಕವಾದ ದಿನವೇ, ಆ ದ್ವೀಪಗಳಿಗೂ ಲಕ್ಷದ್ವೀಪ ಎಂಬ ಹೊಸ ಹೆಸರು ಬಂತು. ಒಂದು ಕಾಲಕ್ಕೆ ಮಂಗಳೂರಿನ ಕಲೆಕ್ಟರರ ವ್ಯಾಪ್ತಿಯಲ್ಲಿದ್ದ ದ್ವೀಪಗಳಿವು. ಕರಾವಳಿಯ ಶಾಲೆಯ ಹಲಗೆಗೆ ಇದಕ್ಕಿಂತ ಒಳ್ಳೆಯ ಸಾಲು ನನಗೆ ಗೊತ್ತಿಲ್ಲ. ಮೂಲಪಾಠ ಓದುವ ಶ್ರಮಕ್ಕೆ ಸಿಗುವ ಫಲ ಇಂಥದ್ದು.

2014ರ ಚೀಟಿಯಲ್ಲೂ ಹೆಸರಿನ ತೊಡಕಿದೆ. ಆ ನವೆಂಬರ್ 1ರಂದು 12 ನಗರಗಳ ಹೆಸರು ಬದಲಾಯಿತು ಎಂದು ಬರೆಯುತ್ತಾರೆ. ಬೆಂಗಳೂರು, ಮಂಗಳೂರು, ಹೊಸಪೇಟೆ ಎಂದು ನಾವು ಕನ್ನಡದಲ್ಲಿ ಮೊದಲಿನಿಂದಲೂ ಬರೆಯುತ್ತಿದ್ದೆವು; ಬದಲಾದದ್ದು ಇಂಗ್ಲಿಷ್ ಕಾಗುಣಿತ. ಗುಲ್ಬರ್ಗಾ ಕಲಬುರಗಿಯಾದದ್ದು, ಬಿಜಾಪುರ ವಿಜಯಪುರವಾದದ್ದು ಮಾತ್ರ ಕನ್ನಡ ಬರಹದಲ್ಲೂ ಕಾಣುವ ಬದಲಾವಣೆ. ಹಲಗೆ ಕನ್ನಡದ್ದಾದ್ದರಿಂದ ಈ ವ್ಯತ್ಯಾಸ ಸಾಲಿನಲ್ಲೇ ಬರಬೇಕು.

## ಹಂತ 4: ಯಾವ ಪಂಚಾಂಗ, ಯಾವ ಗಡಿಯಾರ?

1752ಕ್ಕಿಂತ ಹಿಂದಿನ ದಿನಾಂಕ ಬಂದ ಕೂಡಲೇ ಎಚ್ಚರವಾಗಬೇಕು. ಪೋರ್ಚುಗಲ್, ಸ್ಪೇನ್ 1582ರಲ್ಲೇ ಹಳೆಯ ಜೂಲಿಯನ್ ಪಂಚಾಂಗವನ್ನು ಬಿಟ್ಟು, ಈಗ ನಾವು ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾದವು. ಇಂಗ್ಲೆಂಡ್ ಬದಲಾದದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನೇ ಸೆಪ್ಟೆಂಬರ್ 14 ಎಂದು ಎಣಿಸಿದರು. ಅದಕ್ಕೂ ಹಿಂದೆ ಅವರ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಹಾಗಾಗಿ ಕಂಪನಿಯ ಹಳೆಯ ಕಾಗದಗಳಲ್ಲಿ ಜನವರಿ, ಫೆಬ್ರವರಿಯ ವರ್ಷವೇ ಒಂದು ಕಡಿಮೆ ಇರಬಹುದು. ರಷ್ಯಾ ಬದಲಾದದ್ದು 1918ರಲ್ಲಿ. ಅಕ್ಟೋಬರ್ ಕ್ರಾಂತಿಯ ದಿನ ನವೆಂಬರ್ 7 ಆಗಿರುವುದು ಇದರಿಂದಲೇ.

1755ರ ನವೆಂಬರ್ 1ರ ಲಿಸ್ಬನ್ ಭೂಕಂಪಕ್ಕೆ ಈ ತೊಂದರೆ ಇಲ್ಲ. ಅದು ಹೊಸ ಪಂಚಾಂಗದ ದಿನಾಂಕವೇ. 1512ರಲ್ಲಿ ಮೈಕೆಲೇಂಜಲೋ ಚಿತ್ರಿಸಿದ ಸಿಸ್ಟೈನ್ ಚಾಪೆಲ್‌ನ ಚಾವಣಿ ಜನರ ನೋಟಕ್ಕೆ ತೆರೆದುಕೊಂಡ ನವೆಂಬರ್ 1 ಮಾತ್ರ ಹಳೆಯ ಪಂಚಾಂಗದ್ದು. ತಿದ್ದಿ ಹೊಸ ದಿನಾಂಕ ಹಾಕಬೇಡಿ. ಅಂದಿನವರು ಬರೆದ ದಿನಾಂಕವನ್ನೇ ಇಟ್ಟು, ಚೀಟಿಯಲ್ಲಿ ‘ಹಳೆಯ ಪಂಚಾಂಗ’ ಎಂದು ಗುರುತು ಮಾಡಿ.

ಶಾಸನಗಳ ಶಕವರ್ಷಕ್ಕೆ 78 ಕೂಡಿಸಿ ಇಸವಿ ಪಡೆಯುವ ರೂಢಿ ಇದೆ. ವರ್ಷದ ಕೊನೆಯ ಮಾಸಗಳಾದ ಮಾಘ, ಫಾಲ್ಗುಣಕ್ಕೆ 79 ಕೂಡಿಸಬೇಕಾಗುತ್ತದೆ. ತಿಥಿಯಿಂದ ಇಂಗ್ಲಿಷ್ ತಾರೀಖನ್ನು ನೀವೇ ಲೆಕ್ಕ ಹಾಕಲು ಹೋಗಬೇಡಿ. ಶಾಸನ ಸಂಪುಟದ ಸಂಪಾದಕರು ಕೊಟ್ಟಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಿಡಿ. ಬಸವ ಜಯಂತಿ, ಕನಕ ಜಯಂತಿ, ವಾಲ್ಮೀಕಿ ಜಯಂತಿ ತಿಥಿಯ ಮೇಲೆ ನಿಂತವು. ಹೋದ ವರ್ಷದ ತಾರೀಖಿನ ಹಲಗೆಯಿಂದ ಅವನ್ನು ನಕಲು ಮಾಡಿದರೆ ಕೆಟ್ಟಿತೆಂದೇ ಲೆಕ್ಕ.

ಗಡಿಯಾರವೂ ದಿನವನ್ನು ಬದಲಿಸುತ್ತದೆ. ಅಮೆರಿಕ ಮೊದಲ ಹೈಡ್ರೋಜನ್ ಬಾಂಬನ್ನು ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ಸ್ಫೋಟಿಸಿದಾಗ ಅಲ್ಲಿ 1952ರ ನವೆಂಬರ್ 1ರ ಬೆಳಿಗ್ಗೆ ಸುಮಾರು 7.15. ಗ್ರೀನಿಚ್‌ನಲ್ಲಿ ಇನ್ನೂ ಅಕ್ಟೋಬರ್ 31ರ ಸಂಜೆ. ನಮ್ಮಲ್ಲಿ ನಡುರಾತ್ರಿ ಕಳೆದು ಮುಕ್ಕಾಲು ಗಂಟೆ. ಘಟನೆ ನಡೆದ ಸ್ಥಳದ ದಿನಾಂಕವನ್ನೇ ಬರೆಯುವುದು ನಿಯಮ. ಚಂದ್ರನಂಥ ಜಾಗಕ್ಕೆ ಸ್ಥಳೀಯ ದಿನಾಂಕವೇ ಇಲ್ಲದ್ದರಿಂದ ಯಾರ ಗಡಿಯಾರವೆಂದು ಹೇಳಲೇಬೇಕು: ಅಪೋಲೊ 11 ಇಳಿದಾಗ ಅಮೆರಿಕದಲ್ಲಿ 1969ರ ಜುಲೈ 20, ನಮ್ಮಲ್ಲಿ ಜುಲೈ 21ರ ನಸುಕು 1.47.

## ಹಂತ 5: ಎರಡು ಆಧಾರ, ಒಂದು ವಾರ

ಹತ್ತು ಜಾಲತಾಣಗಳಲ್ಲಿ ಒಂದೇ ವಾಕ್ಯ, ಒಂದೇ ಕಾಗುಣಿತದ ತಪ್ಪಿನೊಂದಿಗೆ ಇದ್ದರೆ ಅದು ಹತ್ತು ಆಧಾರವಲ್ಲ, ಒಂದೇ. ಒಂದು ಆಧಾರ ಆ ಕಾಲದ್ದಾಗಿರಲಿ, ಉದಾಹರಣೆಗೆ ಕಾಯ್ದೆ, ಗೆಜೆಟ್ ಅಥವಾ ಪತ್ರಿಕೆ. ಇನ್ನೊಂದು ಆಮೇಲೆ ವಿದ್ವಾಂಸರು ಬರೆದದ್ದಾಗಿರಲಿ. ಪತ್ರಿಕೆ ನೋಡುವಾಗ ಮರುದಿನದ ಸಂಚಿಕೆ ತೆಗೆಯಿರಿ. ಸಂಚಿಕೆಯ ಮೇಲಿನ ದಿನಾಂಕವನ್ನೇ ಘಟನೆಯ ದಿನಾಂಕವೆಂದು ಬರೆದುಕೊಂಡು ಒಂದು ದಿನ ತಪ್ಪುವವರು ಬಹಳ.

ನಂತರ ಮೊಬೈಲಿನ ಕ್ಯಾಲೆಂಡರಿನಲ್ಲಿ ವಾರ ನೋಡಿ. 1956ರ ನವೆಂಬರ್ 1 ಗುರುವಾರ. 1973ರದ್ದೂ ಗುರುವಾರ. ಲಿಸ್ಬನ್ ಭೂಕಂಪ ಶನಿವಾರ. ಯಾವುದಾದರೂ ಬರಹದಲ್ಲಿ ‘1956ರ ಆ ಭಾನುವಾರ’ ಎಂದಿದ್ದರೆ ಆ ಬರಹದ ಉಳಿದ ದಿನಾಂಕಗಳನ್ನೂ ಅನುಮಾನದಿಂದ ನೋಡಿ. ಅರ್ಧ ನಿಮಿಷದ ಕೆಲಸ, ಆದರೆ ಎಷ್ಟೋ ಸಲ ನನ್ನನ್ನು ಕಾಪಾಡಿದೆ.

## ಹಂತ 6: ಎಷ್ಟನೆಯದು?

‘ವರ್ಷ ತುಂಬಿದ್ದು’ ಬೇರೆ, ‘ಎಷ್ಟನೆಯ ಆಚರಣೆ’ ಬೇರೆ. ಮೊದಲನೆಯದಕ್ಕೆ ಕಳೆಯಿರಿ, ಎರಡನೆಯದಕ್ಕೆ ಕಳೆದು ಒಂದು ಕೂಡಿಸಿ. 1956ನ್ನೇ ಒಂದು ಎಂದು ಎಣಿಸುವುದರಿಂದ 2025ರದ್ದು 70ನೆಯ ರಾಜ್ಯೋತ್ಸವ. ಏಕೀಕರಣಕ್ಕೆ 70 ವರ್ಷ ತುಂಬುವುದು 2026ರಲ್ಲಿ, ಆಗಿನದು 71ನೆಯ ರಾಜ್ಯೋತ್ಸವ. ನಾಮಕರಣಕ್ಕೆ 50 ತುಂಬಿದ್ದು 2023ರಲ್ಲಿ, ಅದೇ ದಿನ 68ನೆಯ ರಾಜ್ಯೋತ್ಸವ. ಅನುಮಾನ ಬಂದರೆ ಪರೀಕ್ಷೆಗೆ ಒಂದು ದಾರಿ ಇದೆ: ಈಚಿನ ವರ್ಷಗಳಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ ವ್ಯಕ್ತಿಗಳ ಸಂಖ್ಯೆಯನ್ನು ರಾಜ್ಯೋತ್ಸವದ ಸಂಖ್ಯೆಗೇ ಹೊಂದಿಸುತ್ತಾರೆ, 2023ರಲ್ಲಿ 68, 2024ರಲ್ಲಿ 69.

## ಹಂತ 7: ಹುಟ್ಟು, ಸಾವು

ಒಂದು ಹಲಗೆಗೆ ಎರಡು ಹೆಸರು ಸಾಕು. ಇಲ್ಲಿ ದೊಡ್ಡ ಅಪಾಯವೆಂದರೆ ಶಾಲಾ ದಾಖಲೆಯ ಜನ್ಮದಿನ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಹಳೆಯ ತಲೆಮಾರಿನವರೊಬ್ಬರ ಜನ್ಮದಿನ ಜೂನ್ 1 ಎಂದು ಕಂಡರೆ ಎರಡನೆಯ ಆಧಾರ ಸಿಗುವವರೆಗೆ ಬರೆಯಬೇಡಿ.

ದೊಡ್ಡವರ ಜನ್ಮವರ್ಷವೂ ಅಲುಗಾಡುತ್ತದೆ. ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15 ಎಂಬುದರಲ್ಲಿ ತಕರಾರಿಲ್ಲ. ವರ್ಷ ಮಾತ್ರ ಕೆಲವೆಡೆ 1860, ಕೆಲವೆಡೆ 1861. ಅವರ ಜನ್ಮಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರಲ್ಲಿ. ಇಂಥಲ್ಲಿ ‘ಎಷ್ಟನೆಯ ಜಯಂತಿ’ ಎಂದು ಬರೆಯದೆ, ದಿನವನ್ನಷ್ಟೇ ಬರೆಯುವುದು ಪ್ರಾಮಾಣಿಕ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಇದನ್ನು ಮುದ್ರಣದೋಷವೆಂದುಕೊಂಡು ಒಂದನ್ನು ಹೊಡೆದುಹಾಕಿದವರನ್ನು ನೋಡಿದ್ದೇನೆ. ವಿಚಿತ್ರವಾಗಿ ಕಂಡದ್ದೆಲ್ಲ ತಪ್ಪಾಗಿರುವುದಿಲ್ಲ.

ನವೆಂಬರ್ 1ಕ್ಕೆ ಮಕ್ಕಳು ಮರೆಯದ ಒಂದು ಜನ್ಮದಿನವಿದೆ. ನಟಿ ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿದ್ದು 1973ರ ನವೆಂಬರ್ 1ರಂದು, ರಾಜ್ಯ ಕರ್ನಾಟಕ ಎಂಬ ಹೆಸರು ಪಡೆದ ಮೊದಲ ದಿನವೇ. ಒಂದು ದಿನ ಮುಂಚೆ ಹುಟ್ಟಿದ್ದರೆ ಜನ್ಮಸ್ಥಳ ಮೈಸೂರು ರಾಜ್ಯವಾಗುತ್ತಿತ್ತು. 1973ರ ಸಂಗತಿ ಮಕ್ಕಳ ತಲೆಯಲ್ಲಿ ನಿಲ್ಲಬೇಕಾದರೆ ಈ ಸಾಲನ್ನು ಪಕ್ಕದಲ್ಲಿಡಿ.

## ಹಂತ 8: ಆಯ್ಕೆ ಮತ್ತು ಬರವಣಿಗೆ

ಉಳಿದ ಚೀಟಿಗಳನ್ನು ಮೇಜಿನ ಮೇಲೆ ಹರಡಿ ಐದನ್ನು ಆರಿಸಿ. ಮಗು ಒಂದೇ ಉಸಿರಿನಲ್ಲಿ ಓದುವಷ್ಟು ಉದ್ದದ ಸಾಲಿರಲಿ. ಇಸವಿ ಮೊದಲು, ಸ್ಥಳ ಆಮೇಲೆ, ಕ್ರಿಯಾಪದ ಕೊನೆಗೆ. 2026ರ ಹಲಗೆಗೆ ನಾನು ಬರೆದುಕೊಟ್ಟಿರುವುದು ಹೀಗಿದೆ:

1755: ಪೋರ್ಚುಗಲ್‌ನ ಲಿಸ್ಬನ್ ನಗರ ಭೂಕಂಪ, ಸಮುದ್ರದ ಅಲೆ ಮತ್ತು ಬೆಂಕಿಗೆ ನಾಶವಾಯಿತು.
1858: ಭಾರತದ ಆಡಳಿತವನ್ನು ರಾಣಿ ವಹಿಸಿಕೊಂಡ ಘೋಷಣೆಯನ್ನು ಅಲಹಾಬಾದಿನಲ್ಲಿ ಓದಲಾಯಿತು.
1954: ಪುದುಚೇರಿ, ಕಾರೈಕಲ್, ಮಾಹೆ, ಯಾನಂ ಆಡಳಿತ ಭಾರತಕ್ಕೆ ಹಸ್ತಾಂತರವಾಯಿತು.
1956: ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳ ಬಹುಭಾಗ ಮೈಸೂರು ರಾಜ್ಯವಾಗಿ ಒಂದಾಯಿತು. ಇಂದಿಗೆ 70 ವರ್ಷ.
1973: ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು, ಲಕ್ಕದೀವ್ ದ್ವೀಪಗಳಿಗೆ ಲಕ್ಷದ್ವೀಪ ಎಂದು ಹೆಸರು ಬದಲಾಯಿತು.

1966ರಲ್ಲಿ ಹರಿಯಾಣ, 2000ದಲ್ಲಿ ಛತ್ತೀಸಗಢ ರಚನೆಯಾದದ್ದೂ ಇದೇ ದಿನ. ಜಾಗವಿದ್ದರೆ ಸೇರಿಸಿ. ಲಿಸ್ಬನ್ನಿನ ಸಾವಿನ ಸಂಖ್ಯೆ ಬರೆಯಬೇಡಿ. ಆಧಾರದಿಂದ ಆಧಾರಕ್ಕೆ ಅದು ಬಹಳ ಬದಲಾಗುತ್ತದೆ. 1984ರ ನವೆಂಬರ್ ಮೊದಲ ದಿನಗಳಲ್ಲಿ ದೆಹಲಿಯಲ್ಲಿ ನಡೆದ ಸಿಖ್ಖರ ಹತ್ಯೆಯಂಥ ಸಂಗತಿಯನ್ನು ಹಬ್ಬದ ಸಾಲುಗಳ ನಡುವೆ ಅರ್ಧ ವಾಕ್ಯದಲ್ಲಿ ತುರುಕಬೇಡಿ. ದೊಡ್ಡ ತರಗತಿಯಲ್ಲಿ, ಸಮಯ ಕೊಟ್ಟು, ಶಿಕ್ಷಕರೇ ಹೇಳಬೇಕಾದ ವಿಷಯ ಅದು.

## ಸುಣ್ಣದ ಕಡ್ಡಿ ಹಿಡಿಯುವ ಮುನ್ನ ನೋಡಬೇಕಾದ ಅಪಾಯದ ಗುರುತುಗಳು

‘ಮೊಟ್ಟಮೊದಲ’, ‘ಏಕೈಕ’, ‘ಜಗತ್ತಿನಲ್ಲೇ’ ಎಂಬ ಪದಗಳಿರುವ ಸಾಲು. ಸ್ಥಳದ ಹೆಸರಿಲ್ಲದ ಸಾಲು. ತಿಂಗಳ 1ನೆಯ ತಾರೀಖಿಗೆ ಬಂದ ಹಳೆಯ ಕಾಲದ ಜನನ. ಹಲವು ದಿನ ನಡೆದ ಯುದ್ಧಕ್ಕೆ ಒಂದೇ ದಿನಾಂಕ. ದಿನಾಂಕದ ಜೊತೆ ಭಾವುಕ ಕಥೆಯೂ ಬಂದಿರುವ ವಾಟ್ಸ್ಆ್ಯಪ್ ಸಂದೇಶ. ಇವುಗಳಲ್ಲಿ ಒಂದು ಕಂಡರೂ ಚೀಟಿ ಎರಡನೆಯ ಹಂತಕ್ಕೆ ಹಿಂದಿರುಗಬೇಕು.

ಬರೆದಾದ ಮೇಲೆ ತಪ್ಪು ತಿಳಿದರೆ ಮೆಲ್ಲಗೆ ಅಳಿಸಿ ಸುಮ್ಮನಾಗಬೇಡಿ. ಮರುದಿನ ಅದೇ ಹಲಗೆಯ ಮೇಲೆ, ಅದೇ ಅಕ್ಷರದ ಗಾತ್ರದಲ್ಲಿ, ‘ನಿನ್ನೆಯ ತಿದ್ದುಪಡಿ’ ಎಂದು ಬರೆಸಿ, ತಪ್ಪು ಹಿಡಿದ ಮಗುವಿನಿಂದಲೇ ಓದಿಸಿ. ಆಮೇಲೆ ಚೀಟಿಯನ್ನು ಶಾಯಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಮುಂದಿನ ಅಕ್ಟೋಬರಿನಲ್ಲಿ ಆರನೆಯ ಸಾಲನ್ನು ಮಾತ್ರ ಹೊಸದಾಗಿ ಬರೆದರೆ ಸಾಕು.